ಈ ಸಲದ ಕ್ಯಾರಿಯರ್ ಹಗುರ

ಗಂಡಸಿ
ಸೋಮವಾರ, ಮಧ್ಯಾಹ್ನ

ಮುದ್ದು ಮೊಮ್ಮಗ ಯುವರಾಜನಿಗೆ ಅಜ್ಜಿಯ ಆಶೀರ್ವಾದ.

ನಿಮ್ಮಪ್ಪ ದೇವೇಂದ್ರನ ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಈಗಲೂ ಗೋಡೆ ಹಿಡಿಯುತ್ತಾನಾ? ನಿಮ್ಮಮ್ಮ ಕೋಮಲಳಿಗೆ ಬೆಳಗಿನ ಸೀನು ನಿಂತಿತಾ? ಹಾಲು ಕರೆಯಲು ಹೋಗುವಾಗ ತಲೆಗೊಂದು ಟವೆಲ್ ಸುತ್ತಿಕೊಳ್ಳಲು ಹೇಳು. ನಿನ್ನ ತಂಗಿ ಭವ್ಯಾಳ ಕನ್ನಡಕದ ನಂಬರ್ ಹೆಚ್ಚಿತಂತೆ, ಈಗ ಬೋರ್ಡು ಸರಿಯಾಗಿ ಕಾಣುತ್ತದಾ? ಇಲ್ಲಿ ನಿನ್ನ ಮಾವ ಅಣ್ಣಯ್ಯ ಗುಂಡುಕಲ್ಲಿನಂತಿದ್ದಾನೆ. ನನ್ನ ಬಿಪಿ ಮಾತ್ರೆ ನಡೆಯುತ್ತಿದೆ, ನಾನೂ ನಡೆಯುತ್ತಿದ್ದೇನೆ. ನಿನ್ನ ಆರೋಗ್ಯವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಈ ಕಾಗದವೆಲ್ಲ ಅದರದೇ.

ಕ್ಯಾರಿಯರ್ ಹಗುರ ಇದೆ ಎಂದು ಗಾಬರಿಯಾಗಬೇಡ. ಕಂಡಕ್ಟರ್ ತಿಂದಿಲ್ಲ. ಮೇಲಿನ ಡಬ್ಬಿಯಲ್ಲಿ ಎರಡು ರಾಗಿ ರೊಟ್ಟಿ, ನಡುವಿನದರಲ್ಲಿ ಹೀರೇಕಾಯಿ ಪಲ್ಯ, ಕೆಳಗಿನದರಲ್ಲಿ ಈ ಕಾಗದ. ಕೋಳಿ ಹುಡುಕಬೇಡ. ಅವು ಹಿತ್ತಲಲ್ಲಿ ಆರಾಮಾಗಿ ಕೆದಕಿಕೊಂಡಿವೆ. ಫೋನ್ ಮಾಡಬಹುದಿತ್ತು. ಆದರೆ ಅಣ್ಣಯ್ಯ ಸ್ಪೀಕರ್ ಹಾಕದೆ ನನ್ನ ಕೈಗೆ ಫೋನ್ ಕೊಟ್ಟವನಲ್ಲ. ನೀನು ಗುಟ್ಟಾಗಿ ಹೇಳಿದ್ದು ಬೀದಿಗೆಲ್ಲ ಕೇಳಬಾರದು.

ಗೌರಿ ಹಬ್ಬಕ್ಕೆ ಬಂದಾಗ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು ಜೇಬಿನಿಂದ ಒಂದು ಚೀಟಿ ತೆಗೆದೆಯಲ್ಲ, ಅಲ್ಲಿಂದ ಶುರು ಮಾಡುತ್ತೇನೆ. ನಿಮ್ಮ ಕಾಲೇಜಿನ ಆರೋಗ್ಯ ಶಿಬಿರದಲ್ಲಿ ಕೊಟ್ಟ ಚೀಟಿ. ತೂಕ ನೂರಾ ನಾಲ್ಕು ಕೆಜಿ, ಬಿಪಿ ಜಾಸ್ತಿ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಬೇಕು ಎಂದು ನೀನೇ ಓದಿ ಹೇಳಿದೆ. ತೂಕ ನೋಡಿದವನು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಅದನ್ನು ಕೂಗಿದನಂತೆ. ನಿನ್ನ ಗೆಳೆಯರು, "ಏನ್ಲಾ, ಬಸ್ಸಲ್ಲಿ ಎರಡು ಟಿಕೆಟ್ ತಗೋತೀಯಾ?" ಎಂದು ನಕ್ಕರಂತೆ. "ನಾನೂ ನಕ್ಕೆ ಅಜ್ಜಿ" ಎಂದೆ. ಹಾಗೆ ಹೇಳುವಾಗ ನಿನ್ನ ಕೈ ಅಂಗಿಯ ತುದಿಯನ್ನು ಕೆಳಕ್ಕೆ ಎಳೆಯುತ್ತಲೇ ಇತ್ತು. ಆಮೇಲೆ, "ಅಮ್ಮಂಗೆ ಹೇಳ್ಬೇಡ, ನನ್ನಾಣೆ" ಎಂದೆ. ನಾನು ಭಾಷೆ ಕೊಟ್ಟೆ. ಇವತ್ತಿನವರೆಗೂ ಹೇಳಿಲ್ಲ.

ಆದರೆ ಹೇಳದೆ ಇದ್ದು ನಾನು ಮಾಡಿದ್ದೇನು ನೋಡು. ನಾನು ಶಾಲೆಗೆ ಹೋದವಳಲ್ಲ. ನಿಮ್ಮಮ್ಮ ಒಂದನೇ ಕ್ಲಾಸಿನ ಪುಸ್ತಕ ಓದುವಾಗ ಪಕ್ಕದಲ್ಲಿ ಅಕ್ಕಿ ಆರಿಸುತ್ತಾ ಕೂತು ಅಕ್ಷರ ಕಲಿತವಳು. ಹಾಗೆ ಕಲಿತವರಿಗೆ ಒಂದು ಚಾಳಿ ಇರುತ್ತದೆ. ಅರ್ಧ ತಿಳಿದರೆ ಮಿಕ್ಕರ್ಧವನ್ನು ನಾವೇ ಸೇರಿಸಿಕೊಳ್ಳುತ್ತೇವೆ. ಪ್ರೋಟೀನ್ ಅಂದರೆ ಮೊಟ್ಟೆ, ಕೋಳಿ, ಹುರುಳಿ ಎಂದು ಟಿವಿಯಲ್ಲಿ ಕೇಳಿದ್ದೆ. ಅದು ಹುಡುಗನ ಮೈಯಿಂದ ಸೋರಿ ಹೋಗುತ್ತಿದ್ದರೆ ತುಂಬಿಸಬೇಕಲ್ಲ ಎಂದುಕೊಂಡೆ. ಅದಕ್ಕೇ ವಾರಕ್ಕೆರಡು ಸಲ ಅಣ್ಣಯ್ಯನ ಕೈಲಿ ಅರಸೀಕೆರೆಗೆ ಕಳಿಸಿ, ಬೇಲೂರು ಬಸ್ಸಿನಲ್ಲಿ ಇಟ್ಟು, ಹಳೇಬೀಡಿನಲ್ಲಿ ನೀನು ಇಳಿಸಿಕೊಳ್ಳುವಂತೆ ಆ ಕ್ಯಾರಿಯರ್ ಬಂತು. ಆರಾರು ಮೊಟ್ಟೆ, ನಾಟಿ ಕೋಳಿ ಸಾರು, ಹುರುಳಿ ಕಟ್ಟು. ಸಾಲದ್ದಕ್ಕೆ ಮೆಡಿಕಲ್ ಅಂಗಡಿಯ ಆ ಪ್ರೋಟೀನ್ ಪುಡಿ ಡಬ್ಬ. ನಿಮ್ಮಮ್ಮ ಫೋನಿನಲ್ಲಿ, "ಏನವ್ವಾ, ಬಾಣಂತಿಗೆ ಕಳಿಸ್ದಂಗೆ ಕಳಿಸ್ತೀಯಲ್ಲ?" ಎಂದಳು. "ಬೆಳೆಯೋ ಹುಡುಗ ಕಣೇ, ಸುಮ್ನಿರು" ಎಂದು ನಾನೇ ಗದರಿದೆ.

ಹೋದ ಗುರುವಾರ ಮಾತ್ರೆಗೆಂದು ಅರಸೀಕೆರೆಯ ಡಾಕ್ಟರ್ ಪುಷ್ಪಲತಾ ಹತ್ತಿರ ಹೋಗಿದ್ದೆ. ಮಾತಿನ ಮಧ್ಯೆ ಕೇಳಿಯೇ ಬಿಟ್ಟೆ: "ಅಲ್ಲಾ ಡಾಕ್ಟ್ರೇ, ಉಚ್ಚೆಲಿ ಪ್ರೋಟೀನ್ ಹೋಯ್ತಿದ್ರೆ ದಿನಕ್ಕೆ ಎಷ್ಟು ಮೊಟ್ಟೆ ತಿಂದ್ರೆ ಸರಿದೂಗ್ತದೆ?" ಆಯಮ್ಮ ಪೆನ್ನು ಕೆಳಗಿಟ್ಟರು. ಯಾರಿಗೆ ಎಂದರು. ನಿನಗೆ ಭಾಷೆ ಕೊಟ್ಟಿದ್ದೆನಲ್ಲ, ಪಕ್ಕದ ಮನೆ ಹುಡುಗ ಎಂದೆ. ವಯಸ್ಸು ಕೇಳಿದರು, ಹತ್ತೊಂಬತ್ತು ಎಂದೆ. ತೂಕ ಕೇಳಿದರು, ನೂರಾ ನಾಲ್ಕು ಎಂದೆ. ಹುಟ್ಟಿದಾಗಿನ ತೂಕ ಎಂದರು, ಒಂದೂ ಮುಕ್ಕಾಲು ಕೆಜಿ ಎಂದೆ. "ಪಕ್ಕದ್ಮನೆ ಹುಡುಗ ಹುಟ್ದಾಗ ಎಷ್ಟು ತೂಗ್ತಿದ್ದ ಅಂತ್ಲೂ ನೆನಪೈತಾ ಅಜ್ಜಿ ನಿಮ್ಗೆ?" ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಆಮೇಲೆ ಚೀಟಿಯ ಹಿಂಭಾಗದಲ್ಲಿ ಎರಡು ಅವರೆಕಾಳಿನಂತೆ ಬರೆದು ತೋರಿಸಿದರು. ಒಂದೊಂದು ಕಿಡ್ನಿಯೊಳಗೂ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳಂತೆ ಕಣೋ! ಹುಟ್ಟುವಾಗ ಎಷ್ಟು ಬಂದವೋ ಅಷ್ಟೇ, ಆಮೇಲೆ ಹೊಸದು ಹುಟ್ಟುವುದಿಲ್ಲವಂತೆ. ಮೈ ಬೆಳೆದಷ್ಟೂ ಅಷ್ಟೇ ಜರಡಿಗಳು ಹೆಚ್ಚು ರಕ್ತ ಸೋಸಬೇಕು. ಒತ್ತಡ ಏರಿ ಏರಿ ಜರಡಿಯ ಕಣ್ಣು ಸಡಿಲವಾಗಿ, ಒಳಗೇ ಉಳಿಯಬೇಕಾದ ಪ್ರೋಟೀನ್ ಹೊರಗೆ ಬರುತ್ತದಂತೆ. ನೋವಿಲ್ಲ, ಉರಿಯಿಲ್ಲ. ಮೊಟ್ಟೆ, ಪುಡಿ ಕಳಿಸಿದ್ದನ್ನೂ ಹೇಳಿದೆ. ನಾನು ತುಂಬಿಸಿ ಕಳಿಸಿದ್ದೆಲ್ಲ ದಣಿದ ಜರಡಿಯ ಮೇಲೆ ಇನ್ನಷ್ಟು ಸುರಿದಂತೆ ಆಯಿತಂತೆ. "ಮನೆ ಊಟ ಬಿಡಿಸ್ಬೇಡಿ, ಹೆಚ್ಚಿಗೆ ತುಂಬ್ಲೂಬೇಡಿ. ಆ ಪುಡಿ ಮಾತ್ರ ಇವತ್ತೇ ನಿಲ್ಸಿ" ಎಂದರು.

ನಿನಗೆ ಗೊತ್ತಲ್ಲ, ಕಣ್ಣಾರೆ ನೋಡದೆ ನನಗೆ ಯಾವುದೂ ಇಳಿಯುವುದಿಲ್ಲ. ಭಾನುವಾರ ಗಿಡ್ಡಪ್ಪನ ಮಾಂಸದಂಗಡಿಗೆ ಹೋಗಿ ಕುರಿಯದೊಂದು ಕಿಡ್ನಿಯನ್ನು ಸೀಳಿ ತೋರಿಸು ಎಂದೆ. "ಏನ್ ಕೆಂಪಕ್ಕ, ಈ ವಯಸ್ಸಲ್ಲಿ ಡಾಕ್ಟ್ರಿಕೆ ಓದ್ತಿದ್ದೀಯಾ?" ಎಂದು ರೇಗಿಸಿದರೂ ನೀಟಾಗಿ ಎರಡು ಹೋಳು ಮಾಡಿದ. ಇಷ್ಟು ವರ್ಷ ಸಾರಿಗೆ ಹಾಕಿದ್ದೇನೆ, ಒಂದು ದಿನವೂ ಒಳಗೆ ಹೀಗೆ ನೋಡಿರಲಿಲ್ಲ. ಅಂಚಿನಲ್ಲಿ ಕಡುಗೆಂಪು, ನಡುವೆ ಬೆಳ್ಳಗೆ. ಜರಡಿ ಮಾತ್ರ ಕಾಣಲಿಲ್ಲ. ಬರಿಗಣ್ಣಿಗೆ ಕಾಣುವುದಿಲ್ಲವಂತೆ.

ಮನೆಗೆ ಬಂದು ಕಾಯಿಹಾಲು ಹಿಂಡುವ ಬಟ್ಟೆ ತೆಗೆದೆ. ಚಿಕ್ಕವನಿದ್ದಾಗ ಒಬ್ಬಟ್ಟಿನ ದಿನ ಅದರ ಇನ್ನೊಂದು ತುದಿ ಹಿಡಿಯುತ್ತಿದ್ದವನು ನೀನೇ. ಒಂದು ಕಾಯಿಯ ತುರಿ ರುಬ್ಬಿ ಮೆಲ್ಲಗೆ ಹಿಂಡಿದೆ, ಹಾಲು ನುಣ್ಣಗೆ ಬಂತು. ಆಮೇಲೆ ಅದೇ ಬಟ್ಟೆಗೆ ಮೂರು ಕಾಯಿಯದನ್ನು ತುಂಬಿ, ಅಣ್ಣಯ್ಯನನ್ನು ಕರೆದು ಜೋರಾಗಿ ಹಿಂಡಿಸಿದೆ. "ಹಬ್ಬ ಯಾವ್ದವ್ವಾ ಇವತ್ತು?" ಎಂದು ಕೇಳುತ್ತಲೇ ಹಿಂಡಿದ. ಹಾಲಿನ ಜೊತೆ ತುರಿಯ ಚರಟವೂ ಇಳಿಯಿತು. ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಹರಿದಿರಲಿಲ್ಲ ಯುವರಾಜ. ನೂಲುಗಳು ಒಂದಕ್ಕೊಂದು ದೂರ ಸರಿದಿದ್ದವು, ಅಷ್ಟೆ. ಒಗೆದು ಒಣಗಿಸಿ ಮತ್ತೆ ನೋಡಿದರೆ ಎಷ್ಟೋ ಮಟ್ಟಿಗೆ ಕೂಡಿಕೊಂಡಿದ್ದವು. ಇವತ್ತು ಬೆಳಿಗ್ಗೆ ಸ್ಪೀಕರ್ ಹಾಕಿದ ಫೋನಿನಲ್ಲೇ, ನಿನ್ನ ಹೆಸರೆತ್ತದೆ, ಡಾಕ್ಟರಿಗೆ ಇದನ್ನು ಹೇಳಿದೆ. ಕಿಡ್ನಿ ಬಟ್ಟೆಯಲ್ಲ, ಆದರೆ ಶುರುವಿನಲ್ಲೇ ಹಿಡಿದರೆ ಹೀಗೇ ಆಗುವುದುಂಟು ಎಂದರು. ತೂಕ ಸ್ವಲ್ಪ ಇಳಿದು, ಉಪ್ಪು ಕಡಿಮೆಯಾಗಿ, ಬಿಪಿ ಹತೋಟಿಗೆ ಬಂದರೆ ಸೋರುವುದು ನಿಲ್ಲಲೂಬಹುದಂತೆ. ಬಿಟ್ಟುಬಿಟ್ಟರೆ ಕೆಲವು ಜರಡಿ ಮುಚ್ಚಿಯೇ ಹೋಗುತ್ತವಂತೆ, ಅವು ಮತ್ತೆ ತೆರೆಯುವುದಿಲ್ಲ. ಅಲ್ಲದೆ ಒಂದೇ ಪರೀಕ್ಷೆ ನಂಬುವ ಹಾಗಿಲ್ಲವಂತೆ. ಜ್ವರ ಬಂದಿದ್ದರೂ, ಹಿಂದಿನ ದಿನ ಮೈಮುರಿದು ಆಡಿದ್ದರೂ ಹಾಗೆ ತೋರಿಸಬಹುದು. ಅದಕ್ಕೇ ಎರಡನೆಯದು ಬೇಕೇಬೇಕು. ಎರಡು ವಾರ ಎಂದಿದ್ದು ಎರಡೂವರೆ ತಿಂಗಳಾಯಿತು.

ಒಂದು ಮಾತು ನಿನಗೆ ಯಾವತ್ತೂ ಹೇಳಿಲ್ಲ. ನೀನು ಹುಟ್ಟಿದಾಗ ನನ್ನ ಎರಡು ಅಂಗೈಯಲ್ಲಿ ಪೂರ್ತಿ ಹಿಡಿಸಿದ್ದೆ. ನೋಡಲು ಬಂದವಳೊಬ್ಬಳು ಬಾಗಿಲಲ್ಲೇ, "ಉಳಿಯೋ ಹಂಗೆ ಕಾಣ್ದು" ಎಂದು ಪಿಸುಗುಟ್ಟಿದ್ದು ನಿಮ್ಮಮ್ಮನಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. ಅವತ್ತಿನಿಂದ ನಿನ್ನ ತಟ್ಟೆ ಬರಿದಾದರೆ ನನ್ನ ಕೈ ತಾನಾಗಿ ಮುದ್ದೆಯ ಕಡೆ ಹೋಗುತ್ತದೆ. ನಿನ್ನ ಕೆನ್ನೆ ತುಂಬಿದಾಗೆಲ್ಲ ಅವಳಿಗೆ ಉತ್ತರ ಕೊಟ್ಟೆ ಅನ್ನಿಸುತ್ತಿತ್ತು. ಹಾಗೆ ಚಿಕ್ಕದಾಗಿ ಹುಟ್ಟಿದ ಮಕ್ಕಳಿಗೆ ಜರಡಿಗಳೇ ಕಡಿಮೆ ಇರಬಹುದು ಎಂದು ಡಾಕ್ಟರ್ ಹೇಳಿದರು. ನೀನು ದಪ್ಪಗಾದದ್ದು ನಿನ್ನೊಬ್ಬನ ತಪ್ಪು ಎಂದು ಯಾರಾದರೂ ಅಂದರೆ, ಅದರಲ್ಲಿ ನಮ್ಮಜ್ಜಿಯ ಪಾಲೂ ಇದೆ ಎಂದು ಹೇಳು. ಹಳೇಬೀಡು ಬಸ್ ಸ್ಟ್ಯಾಂಡಿನ ಗೋಬಿ, ಆ ಕಪ್ಪು ಸೋಡಾ ಬಾಟಲಿ ಮಾತ್ರ ನನ್ನ ಲೆಕ್ಕಕ್ಕೆ ಬರೆಯಬೇಡ. ಅವು ನಿನ್ನವು.

ಮತ್ತೊಂದು. ಅಪ್ಪನ ಮಂಡಿ ನೋವಿನ ಮಾತ್ರೆಯನ್ನು ತಲೆನೋವು ಬಂದಾಗೆಲ್ಲ ನೀನೂ ನುಂಗುತ್ತೀಯಂತೆ, ಭವ್ಯಾ ಹೇಳಿದಳು. ಗುರುವಾರ ಡಾಕ್ಟರಿಗೆ ಇದನ್ನು ಹೇಳಿದ್ದೇ ತಡ, ತಲೆ ಅಲ್ಲಾಡಿಸಿಬಿಟ್ಟರು. ಅಂಥ ಮಾತ್ರೆ ಕಿಡ್ನಿಗೆ ಆಗಿಬರುವುದಿಲ್ಲವಂತೆ. ಇನ್ನು ಮುಟ್ಟಬೇಡ. ದೇವೇಂದ್ರನಿಗೂ ಒಮ್ಮೆ ಡಾಕ್ಟರನ್ನು ಕೇಳಿ ನುಂಗಲು ಹೇಳು.

ಈಗ ನಾನು ಕೇಳುವುದು ಇಷ್ಟೇ. ಈ ಗುರುವಾರ ಅರಸೀಕೆರೆಗೆ ಬಾ. ಬೆಳಗಿನ ಮೊದಲ ಮೂತ್ರವನ್ನು ಬಾಟಲಿಯಲ್ಲಿ ಹಿಡಿದು ತರಬೇಕಂತೆ, ರಕ್ತವನ್ನು ಅವರೇ ತೆಗೆಯುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ನಾನೂ ಒಂದು ಬಾಟಲಿ ಹಿಡಿದು ನಿಂತಿರುತ್ತೇನೆ. ಬಿಪಿ ಇರುವವರೂ ನೋಡಿಸಿಕೊಳ್ಳಬೇಕಂತೆ. ಅಜ್ಜಿ ಮೊಮ್ಮಗ ಇಬ್ಬರೂ ಉಚ್ಚೆ ಬಾಟಲಿ ಹಿಡಿದು ಆಟೋ ಹತ್ತೋಣ, ನಗುವವರು ನಗಲಿ. ತೂಕ ಕೂಗುವವರು ಅಲ್ಲಿಲ್ಲ, ಬಾಗಿಲು ಹಾಕಿ ನೋಡುತ್ತಾರೆ, ಕೇಳಿಕೊಂಡೇ ಬಂದಿದ್ದೇನೆ. ನಿನಗಿಂತ ಮೊದಲು ನಾನು ಹತ್ತುತ್ತೇನೆ. ನಿನ್ನೆ ಅಣ್ಣಯ್ಯ ಆಚೆ ಹೋದಾಗ ಕೊಬ್ಬರಿ ತೂಗುವ ತಕ್ಕಡಿ ಹತ್ತಿ ನೋಡಿಕೊಂಡೆ. ಎಪ್ಪತ್ತೊಂದು. ಇದು ನಿನ್ನಲ್ಲೇ ಇರಲಿ. ನಿನ್ನ ಗುಟ್ಟು ನನ್ನ ಹತ್ತಿರ, ನನ್ನ ಗುಟ್ಟು ನಿನ್ನ ಹತ್ತಿರ.

ಬಂದ ಮೇಲೆ ಆ ಆಣೆಯನ್ನು ನೀನೇ ಬಿಡಿಸಬೇಕು. ಮನೆಯವರೆಲ್ಲ ಒಂದು ತಿಂದು ನೀನೊಬ್ಬ ಇನ್ನೊಂದು ತಿನ್ನಲು ಎಷ್ಟು ದಿನ ಆಗುತ್ತದೆ? ಉಪ್ಪಿನ ಡಬ್ಬ ನಿಮ್ಮಮ್ಮನ ಕೈಲಿದೆ. ಅವಳು ಅಳುತ್ತಾಳೆ, ಬಯ್ಯುತ್ತಾಳೆ, ಸಂಜೆಯ ಹೊತ್ತಿಗೆ ತಾನೇ ಸೊಪ್ಪು ಬಿಡಿಸುತ್ತಾ ಕೂರುತ್ತಾಳೆ. ನನ್ನ ಮಗಳು, ನನಗೆ ಗೊತ್ತು. ಆದರೆ ನಿನ್ನ ಬಾಯಿಂದಲೇ ಕೇಳಬೇಕು ಅವಳು. ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಕ್ಯಾರಿಯರನ್ನು ಬುಧವಾರ ಬೆಳಗಿನ ಬಸ್ಸಿಗೆ ಹಾಕು. ಬರಿದಾಗಿ ಕಳಿಸಬಾರದು ಎಂದು ನಿಮ್ಮಮ್ಮ ಪ್ರತಿ ಸಲ ಅದರಲ್ಲಿ ಹಿಡಿ ಸಕ್ಕರೆ ಹಾಕುತ್ತಾಳೆ. ಈ ಸಲ ಅವಳಿಗಿಂತ ಮೊದಲು ನೀನು ತೊಳೆದು ಒರೆಸಿ, ಕೆಳಗಿನ ಡಬ್ಬಿಯಲ್ಲಿ ನಿನ್ನ ಉತ್ತರ ಇಡು. ಬರುತ್ತೇನೆ ಎಂದೊಂದೇ ಸಾಲು ಬರೆದರೂ ಸಾಕು. ನನಗೆ ಓದಲು ಬರುತ್ತದೆ.

ದೇವರು ನಿನ್ನ ಲಕ್ಷ ಲಕ್ಷ ಜರಡಿಗಳನ್ನೂ ಒಂದೊಂದಾಗಿ ಕಾಯಲಿ. ಬೇಗ ಉತ್ತರ ಬರಿ ಕಂದ.

ನಿನ್ನ ಅಜ್ಜಿ
ಕೆಂಪಲಕ್ಷ್ಮಮ್ಮ