ಕತ್ತರಿಸಿ ಕಳಿಸಿದ ಫೋಟೊ

ಬುಧವಾರ, ಮಲಗೋ ಹೊತ್ತು

...ಅದೂ ಸಾಲದು ಅಂತ ನಮ್ಮ ಹಾಡಿನ ತಂಡದ ಮೇಡಂ ಹಾಡೋರ ಎದುರಿಗೇ, "ಸ್ವರದ ಹಾಳೇಲಿ ನೀನು ಹಾಕಿರೋ 'ಮೆಲ್ಲಗೆ' ಅನ್ನೋ ಸೂಚನೆ ಸಾಹಿತ್ಯದ ಮೇಲೆ ಕಾಲು ಚಾಚಿ ಮಲಗಿದೆಯಲ್ಲಪ್ಪಾ, ಇವರು ಏನು ಓದ್ಬೇಕು?" ಅಂದ್ರು ಅಕ್ಕಾ. ಬೆಳಗ್ಗೆಯಿಂದ ಇದೇ ಗೋಳು. ಕಂಪ್ಯೂಟರಲ್ಲಿ ಒಂದು ಪದ ಮೇಲಕ್ಕೆ ಎಳೆದ್ರೆ ಇನ್ನೊಂದಕ್ಕೆ ಡಿಕ್ಕಿ.

ಮೂರು ವಾರ ಉತ್ತರ ಕೊಡ್ಲಿಲ್ಲ, ಬೈಕೋ. ಬರೆಯೋಕೆ ಕೂತ್ರೆ ಕೈ ಓಡಲ್ಲ, ಅದಕ್ಕೇ ಬಾಯಲ್ಲಿ ಹೇಳಿ ಫೋನಿಂದ ಬರೆಸ್ತಿದೀನಿ. ಅಲ್ಲಿ ಊರಲ್ಲಿ ನೀನು ಮಲಗಿರ್ತೀಯ, ಈ ದೇಶದಲ್ಲಿ ಈಗ ಮಲಗೋ ಹೊತ್ತು. ರೂಮಿನವನು ಮಲಗಿದಾನೆ, ನಾನು ಮೆಟ್ಟಿಲ ಮೇಲಿದೀನಿ. ನಿನ್ನ ಮಂಡಿನೋವು ಹೇಗಿದೆ? ಹೊಲಿಗೆ ಮಷಿನ್ ತುಳಿಯೋದು ಕಡಿಮೆ ಮಾಡು ಅಂದ್ರೆ ಕೇಳಲ್ವಲ್ಲ ನೀನು.

ಭಾನುವಾರ ನೀನು ಕಟ್ಟಿದ ಜೋಗುಳ ಹಾಡಿದ್ರು. ಮೂವತ್ತು ಜನ, ಒಂದೇ ಉಸಿರು. ನೀನು ಅಳತೆ ಚೀಟಿ ಹಿಂದೆ ಬರೆದಿದ್ಯಲ್ಲ, "ಇಲ್ಲಿ ಉಸಿರು ತಗೋ", "ಇಲ್ಲಿ ಮಗು ನಿದ್ದೆಗೆ ಜಾರ್ತಿದೆ, ಮೆತ್ತಗೆ" ಅಂತ, ಒಂದೂ ಬಿಡದೆ ಆಯಾ ಸ್ವರಕ್ಕೆ ಕಟ್ಟಿದೆ. ಸ್ವರ ಬರೆಯೋ ಈ ಸಾಫ್ಟ್‌ವೇರ್ ಹಾಗೇ. ಪದನ ಯಾವುದಕ್ಕೆ ಕಟ್ತೀವೋ ಅದರ ಹಿಂದೇನೇ ಓಡಾಡುತ್ತೆ. ಅದನ್ನ ಅಳಿಸಿದ್ರೆ ಪದಾನೂ ಹೋಗುತ್ತೆ.

ಆ ಹಾಳೆ ಪ್ರಿಂಟಿನ ಫೋಟೊ ಕಳಿಸಿದಾಗ ನೀನು ಕೇಳಿದ್ಯಲ್ಲ, "ಟೈಲರಮ್ಮನ ತಮ್ಮ ಆಗಿ ಫೋಟೊದ ತಲೆ ಇಷ್ಟು ಸೊಟ್ಟ ಕತ್ತರಿಸಿದ್ದೀಯಲ್ಲೋ" ಅಂತ. ಹಾಳೆಯ ತಲೆ ಮೇಲೆ ಹೆಸರಿತ್ತು ಅಕ್ಕಾ. ನಿಂದಲ್ಲ, ನಂದು. ನಿನ್ನ ಹೆಸರನ್ನ ಹಾಡು ಶುರುವಾಗೋ ಮುಂಚಿನ ಖಾಲಿ ತಾಳದ ಖಾನೆಗೆ ಕಟ್ಟಿದ್ದೆ, ಆ ಖಾನೆ ಬೇಡ ಅಂತ ಅಳಿಸಿದಾಗ ಹೆಸರೂ ಹೋಯ್ತು. 'ರಚನೆ' ಅನ್ನೋ ಕಡೆ ನನ್ನ ಹೆಸರು ಪ್ರತಿ ಹೊಸ ಹಾಳೆಗೂ ತಾನಾಗೇ ಬಂದು ಕೂರುತ್ತೆ. ಅದೇ ಉಳೀತು. ಕಣ್ತಪ್ಪು.

ಆಯ್ತು, ಇಡ್ತೀನಿ. ಬೆಳಗ್ಗೆ ಎದ್ದು ಮಂಡಿಗೆ ಬಿಸಿನೀರು ಇಟ್ಕೋ. ನೀನು ಚೆನ್ನಾಗಿರಬೇಕು, ಅಷ್ಟೇ.

ನಿನ್ನ ತಮ್ಮ

ಮತ್ತೆ ಬಂದೆ. ಮೇಲಿಂದು ಕಳಿಸಿ ಹತ್ತು ನಿಮಿಷ ಆಯ್ತು, ಇನ್ನೂ ಮೆಟ್ಟಿಲ ಮೇಲೇ ಇದೀನಿ. ಕಣ್ತಪ್ಪು ಅಂದ್ನಲ್ಲ, ಸುಳ್ಳು. ಪ್ರಿಂಟ್ ತೆಗೆಯೋ ಮುಂಚೆನೇ ನೋಡಿದ್ದೆ. ಸರಿಮಾಡೋಕೆ ಅರ್ಧ ನಿಮಿಷ ಸಾಕಿತ್ತು. ಬಿಟ್ಟೆ. ಹಾಡು ಮುಗಿದ್ಮೇಲೆ ಮೇಡಂ "ಕಟ್ಟಿದೋನು ಇಲ್ಲೇ ಇದಾನೆ, ಎದ್ದು ನಿಲ್ಲಪ್ಪಾ" ಅಂದ್ರು. ನಿಂತೆ ಅಕ್ಕಾ. ಕೈಮುಗಿದೆ ಕೂಡ. ಆಮೇಲೆ ಕೇಳಿದ್ರು, ನಿದ್ದೆಗೆ ಜಾರ್ತಿರೋದು ಯಾವ ಮಗು ಅಂತ. ಆ ಮಗು ನಾನೇ, ಅಕ್ಕ ಹಾಡಿ ಮಲಗಿಸ್ತಿದ್ಲು ಅಂದಿದ್ರೆ ಕಟ್ಟಿದ್ದು ನಾನಲ್ಲ ಅಂತ ಗೊತ್ತಾಗಿಬಿಡ್ತಿತ್ತು. ಯಾವುದೋ ಒಂದು ಮಗು ಅಂದೆ.

ನಾಳೆ ಮಧ್ಯಾಹ್ನ ಎರಡು ಗಂಟೆಗೆ ತಂಡದ ಹಾಡಿನ ಪುಸ್ತಕ ಅಚ್ಚಿಗೆ ಹೋಗುತ್ತೆ, ನಿನ್ನ ಜೋಗುಳಾನೂ ಅದರಲ್ಲಿದೆ. ಅದಕ್ಕೂ ಮುಂಚೆ ಮೇಡಂಗೆ ಎಲ್ಲಾ ಹೇಳ್ತೀನಿ. ಹೇಳಿ ಅಲ್ಲಿಂದಲೇ ನಿಂಗೆ ಫೋನ್ ಮಾಡ್ತೀನಿ, ನಿನ್ನ ಹೆಸರು ಹೇಗೆ ಬರೀಬೇಕು ಅಂತ ನೀನೇ ಅವರಿಗೆ ಹೇಳು. ಬೈಯೋದಿದ್ರೆ ಅವರ ಮುಂದೇನೇ ಬೈ. ಫೋನ್ ಮಾಡೋದು ಇಲ್ಲಿ ಮಧ್ಯಾಹ್ನ ಒಂದು ಗಂಟೆಗೆ. ಊರಲ್ಲಿ ನಿಂಗೆ ಆಗ ಸಂಜೆ ನಾಲ್ಕೂವರೆ.