ಸಂಜೆಗೆ ಊದುವ ಕಾಲು

ನನ್ನ ಬಾಯಿಬಡುಕಿ ತಂಗಿಗೆ,

ಮೊನ್ನೆ ತಾನೇ ಫೋನಿನಲ್ಲಿ ಹರಟಿದ ಅಣ್ಣ ಇವತ್ತು ಕಾಗದ ಬರೆಯುತ್ತಿದ್ದಾನೆ ಎಂದರೆ ನಗುತ್ತೀಯ. ನಗು. ಬಾಯಲ್ಲಿ ಹೇಳಲಾಗಲಿಲ್ಲ, ಅದಕ್ಕೇ ಇದು.

ನೀನು, "ಅಣ್ಣಾ, ಚಳಿಜ್ವರ ಬಂದಿತ್ತು. ತೊಡೆಸಂದೀಲಿ ಗಂಟು ಕಟ್ಟಿ ಒಂದು ಕಾಲು ಕೆಂಪಗೆ ಊದಿತ್ತು. ಈಗೆಲ್ಲ ಇಳೀತು ಬಿಡು" ಅಂದೆ. ನಾನೇನು ಹೇಳಿದೆ? "ದಿನವಿಡೀ ನಿಂತು ಇಸ್ತ್ರಿ ಹಾಕ್ತೀಯಲ್ಲ, ಊದದೆ ಇನ್ನೇನಾಗುತ್ತೆ? ಕಾಲು ಮೇಲಿಟ್ಕೊಂಡು ಮಲಗು." ಹಾಗೆ ಹೇಳುವಾಗ ನನ್ನ ಬಲಗಾಲು ಅಂಗಡಿಯ ಗಲ್ಲಾದ ಹಿಂದೆ ಸ್ಟೂಲಿನ ಮೇಲಿತ್ತು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಕಣೇ.

ನನಗೆ ಆನೆಕಾಲು ರೋಗ.

ಶುರುವಾಗಿದ್ದು ನಿನ್ನ ಹಾಗೇ. ಜ್ವರ, ಗಂಟು, ಊತ. ವಾರದೊಳಗೆ ಎಲ್ಲ ಮಾಯ. ಕೆಲವು ತಿಂಗಳ ಮೇಲೆ ಮತ್ತೆ. ಆಮೇಲೆ ಜ್ವರವಿಲ್ಲದೆಯೂ ಸಂಜೆ ಹೊತ್ತಿಗೆ ಪಾದ ತುಂಬಿಕೊಂಡು ಬೆಳಿಗ್ಗೆಗೆ ಇಳಿಯುತ್ತಿತ್ತು. ನಾನು ಚಪ್ಪಲಿ ಅಂಗಡಿಯವನಲ್ಲವೇ! "ಬೂಟು ತಗೊಳ್ಳೋದಾದ್ರೆ ಸಂಜೆ ಬನ್ನಿ ಸಾರ್, ಸಂಜೆಗೆ ಎಲ್ಲರ ಕಾಲೂ ಸ್ವಲ್ಪ ದಪ್ಪ ಆಗುತ್ತೆ" ಎಂದು ಗಿರಾಕಿಗಳಿಗೆ ಹೇಳಿ ಹೇಳಿ, ನನಗೂ ಅದನ್ನೇ ಹೇಳಿಕೊಂಡೆ. ಎಡಗಾಲೇಕೆ ಊದುತ್ತಿಲ್ಲ ಎಂದು ಕೇಳಿಕೊಳ್ಳಲಿಲ್ಲ. ಒಂದು ದಿನ ಬೆಳಿಗ್ಗೆಯೂ ಊತ ಇಳಿಯಲಿಲ್ಲ. ಬೆರಳಿಂದ ಒತ್ತಿದರೆ ಬೀಳುತ್ತಿದ್ದ ಗುಳಿಯೂ ಬೀಳದಾಯಿತು. ಈಗ ಚರ್ಮ ಒರಟಾಗಿ ಮಡಿಕೆ ಬಿದ್ದಿದೆ, ಬೆರಳ ಸಂದಿಯಲ್ಲಿ ನೀರು ಒಸರುತ್ತದೆ. ಊರವರ ಪಾದಕ್ಕೆಲ್ಲ ಅಳತೆ ಹಿಡಿಯುವವನಿಗೆ ತನ್ನ ಅಂಗಡಿಯಲ್ಲೇ ಹೊಂದುವ ಚಪ್ಪಲಿಯಿಲ್ಲ.

ನಿನ್ನ ಮಗುವನ್ನು ನೋಡಲು ಬರದೆ, ಅಂಗಡಿ ಬಿಟ್ಟು ಬರಲಾಗಲಿಲ್ಲ ಎಂದಿದ್ದು ಸುಳ್ಳು. ನಿಮ್ಮತ್ತೆಯ ಎದುರು ಚಪ್ಪಲಿ ಬಿಚ್ಚಬೇಕಲ್ಲ ಎಂದು ಹೆದರಿದೆ. ಸೋದರಮಾವನಂತೆ ಸೋದರಮಾವ!

ಕೊನೆಗೂ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. "ಸೊಳ್ಳೆಯಿಂದ ಬರೋ ಹುಳ ಇದು. ಹುಳಕ್ಕೆ ಮಾತ್ರೆ ಇದೆ. ಮೊದಲ ಜ್ವರಕ್ಕೇ ಬಂದಿದ್ರೆ ಇಷ್ಟಾಗ್ತಿರಲಿಲ್ಲ. ಇನ್ನು ಕಾಲು ಮೊದಲಿನ ಹಾಗಾಗೋದು ಕಷ್ಟ. ದಿನಾ ಸೋಪು ಹಚ್ಚಿ ತೊಳೆದು ಚೆನ್ನಾಗಿ ಒರೆಸ್ಕೊಳ್ಳಿ" ಎಂದರು.

ನಾವಿಬ್ಬರೂ ಆ ಚರಂಡಿ ಪಕ್ಕದ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಬೆಳೆದವರು. ಸೊಳ್ಳೆ ಅಣ್ಣನನ್ನು ಕಚ್ಚಿ ತಂಗಿಯನ್ನು ಬಿಟ್ಟೀತೇ? ಇಷ್ಟು ಗೊತ್ತಿದ್ದೂ ನಿನಗೆ ಮಲಗು ಎಂದೆನಲ್ಲ, ಥೂ ನನ್ನ ಜನ್ಮಕ್ಕೆ.

ಕಾಗದ ಕೈಗೆ ಸಿಕ್ಕ ದಿನವೇ ಹೋಗಿ ಪರೀಕ್ಷೆ ಮಾಡಿಸು. ಇಳಿದಿದೆಯಲ್ಲ ಎಂದು ಕೂರಬೇಡ. ಊತ ಬಂದರೂ ತಾನಾಗಿ ಇಳಿಯುತ್ತಿರುವ ಕಾಲದಲ್ಲೇ ಹೋಗಬೇಕು. "ಮನೇಲಿ ಬೇರೆ ಯಾರಿಗಾದ್ರೂ ಇದೆಯಾ?" ಎಂದು ಕೇಳುತ್ತಾರೆ. ಆಗ ನನ್ನ ಮಾನ ಕಾಯಲು ಹೋಗಬೇಡ. ಪಕ್ಕದಲ್ಲಿ ನಿನ್ನ ಗಂಡ ನಿಂತಿರಲಿ, ಅತ್ತೆ ನಿಂತಿರಲಿ, "ಇದೆ, ನಮ್ಮಣ್ಣನಿಗಿದೆ" ಎಂದು ಗಟ್ಟಿಯಾಗಿ ಹೇಳು.

ನಿನ್ನ ಎರಡೂ ಕಾಲು ಕೊನೆತನಕ ಒಂದೇ ಅಳತೆಯಲ್ಲಿರಲಿ ಎಂದು ಹರಸುವ,

ನಿನ್ನ ಅಣ್ಣ