ಅವರ ದನಿ ಅಳಿಸಿದ ಮೇಲೆ

ಹೊಳೆನರಸೀಪುರ
೧೨ ಆಗಸ್ಟ್ ೨೦೨೪

ಪ್ರೀತಿಯ ಮಗಳು ಸಿಂಧುಗೆ ಅಮ್ಮನ ಆಶೀರ್ವಾದ.

ಅರಕಲಗೂಡಿನಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ಬೆಳಗಿನಿಂದ ಸಂಜೆಯ ತನಕ ಆ ಮೊಬೈಲಿಗೆ ಕತ್ತು ಬಗ್ಗಿಸಿ ಕೂತರೆ ನೋಯದೆ ಇನ್ನೇನಾಗುತ್ತದೆ? ಫೋನು ಮಾಡುವುದು ಬಿಟ್ಟು ಕಾಗದ ಬರೆದಿದ್ದಾಳಲ್ಲ ಎಂದು ನಗಬೇಡ. ನನಗೀಗ ಫೋನಿನಲ್ಲಿ ಮಾತಾಡಲು ಭಯ. ಆಡಿದ ಮಾತು ಎಲ್ಲಿ ಉಳಿದುಕೊಂಡು, ಯಾವತ್ತು ಯಾವ ಬೀದಿಯಲ್ಲಿ ಕೂಗುತ್ತದೋ ಯಾರಿಗೆ ಗೊತ್ತು.

ನಿಮ್ಮಪ್ಪನ ವರ್ಷದ ತಿಥಿಗೆ ಬಂದಾಗ ನೀನೇ ಕೇಳಿಸಿಕೊಂಡೆಯಲ್ಲ. ಅವರು ತರಕಾರಿ ಮಾರುತ್ತಿದ್ದ ಗೂಡ್ಸ್ ಆಟೋವನ್ನು ಕಟ್ಟಾಯದ ತಿಮ್ಮಪ್ಪ ಮೈಕಿನ ಸಮೇತ ಕೊಂಡುಕೊಂಡ. ಮೈಕಿನೊಳಗೆ ಅವರ ದನಿ ಹಾಗೇ ಇತ್ತು. "ಬನ್ರಕ್ಕಾ, ಬನ್ರವ್ವಾ, ಆಲೂಗೆಡ್ಡೆ, ಈರುಳ್ಳಿ, ನಾಟಿ ಟೊಮೆಟೊ!" ಸತ್ತು ವರ್ಷವಾದರೂ ಮನುಷ್ಯ ದಿನಾ ನಮ್ಮ ಬೀದಿಗೆ ವ್ಯಾಪಾರಕ್ಕೆ ಬರುತ್ತಿದ್ದರು. ಬದುಕಿದ್ದಾಗ ಹೊತ್ತಿಗೆ ಇಷ್ಟು ಸರಿಯಾಗಿ ಬಂದವರೇ ಅಲ್ಲ. ದನಿ ಕೇಳಿದ್ದೇ ತಡ, ನಿನ್ನ ಅಜ್ಜಿ ಚೀಲ ಹಿಡಿದು "ದ್ಯಾವ್ರಾಜ ಬಂದ ಕಣಮ್ಮಿ" ಎಂದು ಬಾಗಿಲಿಗೆ ಓಡುತ್ತಿದ್ದರು. ಅಲ್ಲಿ ತಿಮ್ಮಪ್ಪನ ಮುಖ ನೋಡಿ, ಖಾಲಿ ಚೀಲ ಮಡಚಿಕೊಂಡು ಒಳಗೆ ಬರುತ್ತಿದ್ದರು. ಮಗನನ್ನು ಕಳೆದುಕೊಂಡ ತಾಯಿಗೆ ದಿನಕ್ಕೊಂದು ಸಾವು.

ನನ್ನ ಗೋಳು ಬೇರೆ. ಆ ಕೂಗನ್ನು ನಮ್ಮ ಅಡುಗೆಮನೆಯಲ್ಲಿ ನೀನೇ ನಿನ್ನ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು, ನೆನಪಿದೆಯಾ? ಕೊನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುತ್ತದೆ, ಹಿಂದೆಯೇ ನಾನು "ಸಾಕ್ ಬನ್ರೀ, ರೊಟ್ಟಿ ಆರೋಯ್ತದೆ" ಅನ್ನುತ್ತೇನೆ. ವರ್ಷವೆಲ್ಲ ನಾನು ಸತ್ತ ಗಂಡನನ್ನು ಊಟಕ್ಕೆ ಕರೆಯುತ್ತ ಊರು ಸುತ್ತಿದೆ. ಬದುಕಿರುವಾಗಲೇ ದೆವ್ವವಾದೆನಾ ಅನ್ನಿಸುತ್ತಿತ್ತು.

ತಿಥಿಗೆ ಬಂದಾಗ ನೀನು ಅದನ್ನು ಅಳಿಸು ಎಂದಿದ್ದಕ್ಕೆ ತಿಮ್ಮಪ್ಪ ಮೊದಲು ಗೊಣಗಿದ. "ಈ ದನಿಗೇ ಜನ ಆಚೆ ಬತ್ತರೆ ಕಣಕ್ಕಾ" ಎಂದ. ಆಮೇಲೆ ನನ್ನ ಮುಖ ನೋಡಿ ಹೋದ ಸೋಮವಾರ ಅಳಿಸಿಬಿಟ್ಟ. ಈಗ ಅವನ ಮಗಳ ದನಿ ಹಾಕಿದ್ದಾನೆ, ಇಂಪಾಗಿದೆ. ಸದ್ಯ, ಪೀಡೆ ಕಳೆಯಿತು ಅಂದುಕೊಂಡೆ. ಆದರೆ ಅಜ್ಜಿ ಆಟೋ ಬರುವ ಮೊದಲೇ ಚೀಲ ಹಿಡಿದು ಬಾಗಿಲಿಗೆ ಹೋಗುತ್ತಾರೆ. "ಅದ್ನ ಅಳ್ಸಾಯ್ತು ಕಣತ್ತೆ" ಎಂದರೆ, "ನಿನ್ ಕಿವಿ ಓಗವೆ, ನನ್ದಲ್ಲ" ಅನ್ನುತ್ತಾರೆ. ವಯಸ್ಸಾಯಿತು, ಅರಳು ಮರಳು ಎಂದು ನಕ್ಕು ಸುಮ್ಮನಾಗಿದ್ದೆ.

ಬೀಗರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಶಾಂತಕುಮಾರಿ

ಬರೆಯಬಾರದು ಅಂದುಕೊಂಡಿದ್ದೆ, ಆಗುತ್ತಿಲ್ಲ. ಇವತ್ತು ಬೆಳಿಗ್ಗೆ ಅಜ್ಜಿ ಇನ್ನೂ ಎದ್ದಿರಲಿಲ್ಲ. ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ನಾನು. ಬೀದಿಯಲ್ಲಿ ಆಟೋ ಇರಲಿಲ್ಲ, ಅವರ ಕೂಗಿತ್ತು. ಕುಕ್ಕರ್ ಸೀಟಿಯೂ ಕೇಳಿಸಿತು. ನಾನು ಕರೆಯುವ ಮಾತು ಮಾತ್ರ ಬರಲಿಲ್ಲ. ಅವರು ಅದಕ್ಕೇ ಕಾಯುತ್ತಿದ್ದ ಹಾಗಿತ್ತು. ನಿನ್ನ ಫೋನಿನಲ್ಲಿ ಆ ರೆಕಾರ್ಡಿಂಗ್ ಉಳಿದಿದ್ದರೆ ಬೇಗ ಕಳಿಸು ಮಗಳೇ, ತಿಮ್ಮಪ್ಪನ ಕೈಲಿ ಮತ್ತೆ ಮೈಕಿಗೆ ಹಾಕಿಸುತ್ತೇನೆ. ಮೈಕಿನಲ್ಲಿ ಕೂಗಿದರೆ ಮೈಕಿನದು ಅಂತಲಾದರೂ ಗೊತ್ತಿರುತ್ತದೆ. ಇಲ್ಲದಿದ್ದರೆ ಒಂದು ದಿನ ನಾನೇ ಅವರನ್ನು ಕರೆದುಬಿಡುತ್ತೇನೆ.